ಗೆಣಸು ಹೆಚ್ಚಿದ ಮನೆ

ಬಂಡೆಗಲ್ಲುಗಳ ನಡುವೆ ಬೆಳೆದ ಒಂದು ಕಾಡಿನಲ್ಲಿ ದ್ಯಾವಮ್ಮ ಎಂಬ ಮುಳ್ಳುಹಂದಿ ತನ್ನ ಎರಡು ಮರಿಗಳೊಡನೆ ವಾಸವಾಗಿದ್ದಳು. ಆ ವರ್ಷದ ಮಳೆಗಾಲದಲ್ಲಿ ಹಳ್ಳ ದಾಟಲು ಹೋದ ಅವಳ ಗಂಡ ಹಿಂದಿರುಗಿರಲಿಲ್ಲ. ಬಿಲದಲ್ಲಿ ಅವನು ಮಲಗುತ್ತಿದ್ದ ಜಾಗವನ್ನು ಅವಳು ದಿನವೂ ಗುಡಿಸುತ್ತಿದ್ದಳು.

ಮಾಗಿಯ ಚಳಿ ಬಂತು. ದ್ಯಾವಮ್ಮನ ಮನೆಯಲ್ಲಿ ಯಾವುದಕ್ಕೂ ಅವಸರವಿರಲಿಲ್ಲ. ಬಂಡೆಯ ಮೇಲೆ ಬಿಸಿಲು ಬಿದ್ದ ಮೇಲೆ ಏಳುವುದು. ಬಿಲದ ಬಾಯಲ್ಲಿ ಕುಳಿತು ಮೈ ಕಾಯಿಸಿಕೊಳ್ಳುವುದು. ಒಂದು ಗೆಣಸನ್ನು ಮೂವರೂ ಹಂಚಿಕೊಂಡು ನಿಧಾನವಾಗಿ ತಿನ್ನುವುದು. ಮಲಗುವ ಮುಂಚೆ, ಇವತ್ತಿನ ಊಟ ಕೊಟ್ಟ ಮಣ್ಣಿಗೆ ಕೈ ಮುಗಿಯುವುದು.

ಆ ಮನೆಯಲ್ಲಿ ಇನ್ನೊಂದು ರೂಢಿಯಿತ್ತು. ತಿನ್ನುವ ಪದಾರ್ಥ ಮುಗಿದರೆ ಅವರು 'ಇಲ್ಲ' ಎನ್ನುತ್ತಿರಲಿಲ್ಲ, 'ಹೆಚ್ಚಿದೆ' ಎನ್ನುತ್ತಿದ್ದರು. ಉಣ್ಣುವ ಮನೆಯಲ್ಲಿ 'ಇಲ್ಲ' ಎಂಬ ಮಾತು ಆಡಬಾರದು ಎಂದು ಹಿರಿಯರು ಹೇಳಿಕೊಟ್ಟಿದ್ದರು. ನೆರೆಹೊರೆಯವರಿಗೆಲ್ಲ ಇದು ಗೊತ್ತಿತ್ತು.

ನರಿ ಜವರಪ್ಪನಿಗೆ ಮಾತ್ರ ಗೊತ್ತಿರಲಿಲ್ಲ. ಅವನು ಯಾರ ಮನೆಯಲ್ಲೂ ಒಂದು ಗಳಿಗೆ ಕೂತು ಮಾತಾಡಿದವನಲ್ಲ. ಅವನ ಗುಹೆಯಲ್ಲಿ ಒಂದು ಗುಂಡಿ ತುಂಬ ಗೆಣಸಿತ್ತು. ಆದರೂ ಯಾರು ಕೇಳಿದರೂ "ಇಲ್ಲಪ್ಪ, ಏನೂ ಇಲ್ಲ" ಎನ್ನುತ್ತಿದ್ದ. ಇನ್ನಷ್ಟು ಎಲ್ಲಿ ಸಿಕ್ಕೀತು ಎಂದು ದಿನವೆಲ್ಲ ಅಲೆಯುತ್ತಿದ್ದ.

ಒಂದು ಬೆಳಿಗ್ಗೆ ದ್ಯಾವಮ್ಮ ಗೆಣಸು ತೆಗೆಯಲು ತನ್ನ ಬಿಲದ ಗುಂಡಿಗೆ ಕೈ ಹಾಕಿದಳು. ತಳಕ್ಕೆ ನೀರು ಇಳಿದು, ಉಳಿದಿದ್ದೆಲ್ಲ ಕೊಳೆತುಹೋಗಿತ್ತು. ಮಾಗಿ ಇನ್ನೂ ಅರ್ಧವೂ ಕಳೆದಿರಲಿಲ್ಲ. ನೆಲ ಕಲ್ಲಿನಂತೆ ಗಟ್ಟಿಯಾಗಿತ್ತು, ಅಗೆದರೂ ಗೆಡ್ಡೆ ಸಿಗುವಂತಿರಲಿಲ್ಲ. ಮರಿಗಳ ಹೊಟ್ಟೆಗೆ ಏನು ಮಾಡುವುದು?

ಅಷ್ಟರಲ್ಲಿ ಪಕ್ಕದ ಮರದ ಅಳಿಲು ಚಿಕ್ಕತಾಯಿ ಬಂದಳು.

"ಯಾಕಕ್ಕ, ಮುಖ ಬಾಡಿದೆ?"

"ನಮ್ಮ ಮನೆಯಲ್ಲಿ ಗೆಣಸು ಹೆಚ್ಚಿದೆ ಕಣೆ."

ಪೊದೆಯ ಹಿಂದೆ ಹೋಗುತ್ತಿದ್ದ ಜವರಪ್ಪನ ಕಿವಿ ನಿಮಿರಿತು. 'ಹೆಚ್ಚಿದೆಯಂತೆ! ಇಡಲು ಜಾಗ ಸಾಲದೆ ಮುಖ ಬಾಡಿಸಿಕೊಂಡಿದ್ದಾಳೆ!' ಮುಂದಿನ ಮಾತು ಕೇಳಲೂ ನಿಲ್ಲದೆ ಅವನು ಉಪಾಯ ಹುಡುಕುತ್ತ ಓಡಿದ. ಚಿಕ್ಕತಾಯಿಗೆ ಅರ್ಥವಾಗಿತ್ತು. ಅವಳು ಮರ ಹತ್ತಿ, ತಾನು ಕೂಡಿಟ್ಟಿದ್ದ ಎಲಚಿ ಹಣ್ಣುಗಳನ್ನು ತಂದು ಮರಿಗಳ ಮುಂದೆ ಇಟ್ಟಳು.

ಮಧ್ಯಾಹ್ನ ಜವರಪ್ಪ ದ್ಯಾವಮ್ಮನ ಬಾಗಿಲಿಗೆ ಬಂದ.

"ಅಕ್ಕಾ, ಈ ಬಂಡೆ ಕೆಳಗೆ ಎಂಥ ಥಂಡಿ! ಮರಿಗಳು ನಡುಗೋದು ನೋಡಿ ಕರುಳು ಚುರುಕ್ ಅಂತು. ನನ್ನ ಗುಹೆ ಬೆಚ್ಚಗಿದೆ. ಅದನ್ನ ನೀನು ತಗೋ, ಇಲ್ಲಿ ನಾನಿರ್ತೀನಿ."

"ಅಯ್ಯೋ ತಮ್ಮಾ, ನಿನಗ್ಯಾಕೆ ತೊಂದರೆ?"

"ನನಗೇನು ತೊಂದರೆ! ಒಂದೇ ಮಾತು. ಒಳಗಿರೋದನ್ನ ಇಬ್ಬರೂ ಇದ್ದ ಹಾಗೇ ಬಿಟ್ಟು ಹೋಗಬೇಕು. ನನ್ನದು ನಿನಗೆ, ನಿನ್ನದು ನನಗೆ. ಆಮೇಲೆ ವಾಪಸ್ ಕೇಳೋ ಹಾಗಿಲ್ಲ."

"ಹಾಗಾದರೆ ಮೊದಲೇ ಹೇಳಿಬಿಡ್ತೀನಪ್ಪ. ನಮ್ಮಲ್ಲಿ ಗೆಣಸು ಹೆಚ್ಚಿದೆ."

"ಗೊತ್ತು, ಗೊತ್ತು!"

"ಗುಂಡಿಗೆ ಗುಂಡಿಯೇ ಹೆಚ್ಚಿದೆ. ಒಂದು ಸಲ ಒಳಗೆ ಬಂದು ನೋಡು."

"ನೋಡೋದೇನಿದೆ? ಹೆಚ್ಚಿದ್ದರೆ ಹೆಚ್ಚಲಿ ಬಿಡಕ್ಕ!" ಜವರಪ್ಪ ಜೊಲ್ಲು ನುಂಗಿಕೊಂಡ.

ದ್ಯಾವಮ್ಮನ ಕಣ್ಣು ತುಂಬಿತು. ಎಲ್ಲ ಗೊತ್ತಿದ್ದೂ ಕೊಡುತ್ತಿದ್ದಾನೆ, ಇಂಥವನನ್ನು ಕಾಡೆಲ್ಲ ಬೈಯುತ್ತದಲ್ಲ ಎಂದುಕೊಂಡಳು. ಗಂಡನ ಜಾಗವನ್ನು ಇನ್ನೊಂದು ಸಲ ಗುಡಿಸಿದಳು. ಮರಿಗಳ ಕೈ ಹಿಡಿದು ಹೊರಟಳು.

ನರಿಯ ಗುಹೆ ನಿಜವಾಗಿಯೂ ಬೆಚ್ಚಗಿತ್ತು. ಗುಂಡಿಯಲ್ಲಿ ಗೆಣಸು ಕಂಡು ಮರಿಗಳು ಕುಣಿದವು. ಮೂವರೂ ಹೊಟ್ಟೆ ತುಂಬ ಉಂಡು, ಜವರಪ್ಪನ ಹೆಸರು ಹೇಳಿ ಮಣ್ಣಿಗೆ ಕೈ ಮುಗಿದರು.

ಅತ್ತ ಜವರಪ್ಪ ಬಿಲದ ಮೂಲೆ ಮೂಲೆ ಕೆದಕಿದ. ಅವನ ಉಗುರಿಗೆ ಸಿಕ್ಕಿದ್ದು ಕೊಳೆತ ಸಿಪ್ಪೆ ಮಾತ್ರ. ಅವನು ಏದುಸಿರು ಬಿಡುತ್ತ ಗುಹೆಗೆ ಓಡಿ ಬಂದ.

"ಮೋಸ! ಹೆಚ್ಚಿದೆ ಅಂದೆಯಲ್ಲ!"

ದ್ಯಾವಮ್ಮ ಕಕ್ಕಾಬಿಕ್ಕಿಯಾದಳು. "ಹೌದಪ್ಪ, ಮುಗಿದಿದೆ ಅಂತಲೇ ಹೇಳಿದೆ. ಒಳಗೆ ಬಂದು ನೋಡು ಅಂತಲೂ ಕರೆದೆ."

"ಮುಗಿದಿದ್ದರೆ ಇಲ್ಲ ಅನ್ನಬೇಕಿತ್ತು!"

ಮರಿಗಳನ್ನು ನೋಡಲು ಬಂದಿದ್ದ ಚಿಕ್ಕತಾಯಿ ಕೊಂಬೆಯ ಮೇಲಿಂದ ಕಿಲಕಿಲ ನಕ್ಕಳು. "ಇದ್ದದ್ದನ್ನೂ ಇಲ್ಲ ಅನ್ನೋನು ನೀನು ಜವರಪ್ಪಣ್ಣ. ನಿನಗೆ ಈ ಭಾಷೆ ಎಲ್ಲಿ ತಿಳಿಯಬೇಕು? ವಾಪಸ್ ಕೇಳೋ ಹಾಗಿಲ್ಲ ಅಂದವನೂ ನೀನೇ ತಾನೆ?"

ಜವರಪ್ಪ ಬಾಗಿಲಲ್ಲೇ ಕುಸಿದು ಕೂತ. ಹಸಿವಿಗೂ ಚಳಿಗೂ ಅವನ ಹಲ್ಲು ಕಟಕಟ ಎನ್ನುತ್ತಿತ್ತು.

ದ್ಯಾವಮ್ಮನಿಗೆ ಈಗ ಎಲ್ಲ ತಿಳಿಯಿತು. ಅವಳು ಒಂದು ಗೆಣಸು ತೆಗೆದು ನಾಲ್ಕು ತುಂಡು ಮಾಡಿದಳು.

"ಏನು ಅಂದುಕೊಂಡು ಕೊಟ್ಟೆಯೋ ಅದು ನಿನಗೇ ಗೊತ್ತು. ಆದರೆ ನನ್ನ ಮಕ್ಕಳು ಇವತ್ತು ಉಂಡರು. ಅದನ್ನು ನಾನು ಮರೆಯೋಳಲ್ಲ. ಚಳಿ ಮುಗಿಯೋ ತನಕ ದಿನಾ ಬಾ, ಒಂದು ಪಾಲು ನಿನಗೆ. ಗುಂಡಿಗೆ ಕೈ ಹಾಕೋದು ಮಾತ್ರ ನಾನು."

ಜವರಪ್ಪ ತನ್ನ ತುಂಡನ್ನು ಒಂದೇ ಗುಕ್ಕಿಗೆ ನುಂಗಿದ. ಚಿಕ್ಕ ಮರಿ ಅವನನ್ನೇ ನೋಡುತ್ತಿತ್ತು. ತನ್ನ ತುಂಡಿನಲ್ಲಿ ಅರ್ಧ ಮುರಿದು ಅವನ ಮುಂದೆ ಹಿಡಿಯಿತು.

"ಮಾವ, ಅಗಿದು ತಿನ್ನಿ. ಯಾರೂ ಕಿತ್ಕೊಳ್ಳಲ್ಲ."

ಜವರಪ್ಪ ತಲೆ ತಗ್ಗಿಸಿ, ಮೆಲ್ಲಗೆ ಅಗಿದ. ಗೆಣಸು ಸಿಹಿಯಾಗಿತ್ತು. ತನ್ನ ಗುಂಡಿಯ ಗೆಣಸು ಇಷ್ಟು ಸಿಹಿಯೆಂದು ಅವನಿಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ.

ನೀತಿ: ಇನ್ನೊಬ್ಬರ ಮನೆಯದಕ್ಕೆ ಆಸೆಪಟ್ಟವನು ತನ್ನಲ್ಲಿದ್ದುದನ್ನೂ ಕಳೆದುಕೊಳ್ಳುತ್ತಾನೆ, ಇದ್ದಷ್ಟನ್ನು ನೆನೆದು ಹಂಚಿ ಉಣ್ಣುವವರಿಗೆ ಕಷ್ಟದ ಕಾಲವೂ ಕಳೆಯುತ್ತದೆ.