ಬರ್ತೀನಿ ಕಟ್ಟೆ

ಭರತನೂ ಇಲ್ಲ, ಶತ್ರುಘ್ನನೂ ಇಲ್ಲ ಸ್ವಾಮಿ. ಆ ಬೋರ್ಡು ನೋಡ್ಕೊಂಡು ಬಂದವರೆಲ್ಲ ಇದನ್ನೇ ಕೇಳ್ತಾರೆ, ರಾಮನ ಪಾದುಕೆ ಇಟ್ಟಿದ್ದು ಯಾವ ಚಪ್ಪಡಿ ಮೇಲೆ ಅಂತ. ಬೋರ್ಡು ಬರೆಯೋಕೆ ಬಂದವನು ಜಾಗದ ಹೆಸರು ಕೇಳಿದ, ಯಾರೋ ಬಾಯ್ತುಂಬ ಎಲೆಅಡಿಕೆ ಇಟ್ಕೊಂಡೇ ಹೇಳಿದರು, ಅವನು 'ಭರತನ ಕಟ್ಟೆ' ಅಂತ ಹಳದಿ ಬಣ್ಣದಲ್ಲಿ ಬರೆದು ಹೊರಟುಹೋದ. ಅದಾದ ಎರಡನೇ ವರ್ಷಕ್ಕೆ, ಭರತ ಇಲ್ಲಿ ಕೂತು ಅಣ್ಣನಿಗೋಸ್ಕರ ಅತ್ತ ಅನ್ನೋ ಕಥೆಯೂ ಹುಟ್ಟಿತು. ಕಣ್ಣಾರೆ ಕಂಡವರ ಹಾಗೆ ಅದನ್ನ ಹೇಳೋರು ಈಗ ಊರಲ್ಲಿ ನಾಲ್ಕು ಜನ ಇದ್ದಾರೆ. ನೀವೇ ನೋಡ್ತಿದ್ದೀರಲ್ಲ, ಬಾಗೇನಕುಂಟೆ ಮುಗಿದು ಸ್ಟೇಷನ್ ರಸ್ತೆ ಶುರುವಾಗೋ ಕಡೆ ಒಂದು ಗೋಣಿಮರ, ಅದರ ಸುತ್ತ ಮೊಣಕಾಲೆತ್ತರದ ಚಪ್ಪಡಿ ಕಟ್ಟೆ, ಒಂದು ಮೂಲೆ ಕುಸಿದಿದೆ, ಇನ್ನೊಂದು ಮೂಲೇಲಿ ನಾಯಿ ಮಲಗಿದೆ. ಇದರ ಸರಿಯಾದ ಹೆಸರು ಬರ್ತೀನಿ ಕಟ್ಟೆ. ಆ ಹೆಸರು ಬಂದಿದ್ದು ಒಬ್ಬ ಪಾದ್ರಿಯಿಂದ.

ರೈಲು ಈ ಕಡೆಗೆ ಹೊಸದಾಗಿ ಬಂದಿದ್ದ ಕಾಲದ ಮಾತು ಅಂತಾರೆ. ಇಂಗ್ಲೆಂಡಿನಿಂದ ಒಬ್ಬ ಮಿಷನರಿ ಇಲ್ಲಿಗೆ ಬಂದರು. ಹೆಸರು ಥರ್ಲೊ. ಊರವರ ನಾಲಿಗೆಗೆ ಅದು ವಾರದೊಳಗೆ ತರ್ಲೆ ಆಯಿತು, ತರ್ಲೆ ಪಾದ್ರಿ. ಆ ಮನುಷ್ಯ ಜನ್ಮದಲ್ಲಿ ಒಂದು ತರಲೆ ಮಾಡಿದವರಲ್ಲ. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು, ವ್ಯಾಕರಣ ತಪ್ಪದೆ ಮಾತಾಡೋರು, ಹಾಗಾಗಿ ಯಾರಿಗೂ ಅರ್ಥ ಆಗ್ತಿರಲಿಲ್ಲ. ಮೊದಲನೇ ಭಾನುವಾರ ಇದೇ ಮರದ ಕೆಳಗೆ ನಿಂತು, "ನಿಮ್ಮ ಪಾಪಗಳನ್ನು ನನ್ನ ಬಳಿಗೆ ತನ್ನಿರಿ, ಅವು ತೊಳೆಯಲ್ಪಡುವುವು" ಅಂತ ಸಾರಿದರು. ಸೋಮವಾರ ಬೆಳಗ್ಗೆ ಅವರ ಬಂಗಲೆ ಮುಂದೆ ಹದಿನಾಲ್ಕು ಹೆಂಗಸರು ಪಾಪಗಳನ್ನ ಎತ್ಕೊಂಡು ಬಂದು ನಿಂತಿದ್ದರು. ನಮ್ಮ ಕಡೆ ಎಳೇ ಮಗೂನ ಪಾಪ ಅಂತಲೇ ಕರೆಯೋದು. ಎಲ್ಲರಿಗಿಂತ ಮುಂದೆ ನಿಂತಿದ್ದೋಳು ಪುಟ್ಟಹೊನ್ನಮ್ಮ. ಕಂಕುಳಲ್ಲಿ ಮೂರು ತಿಂಗಳ ಮಗ ಮಲ್ಲಿಂಗ, ಕೈಯಲ್ಲಿ ಹರಳೆಣ್ಣೆ ಬಟ್ಟಲು. ತನ್ನಿ ಅಂದವರು ತಾವೇ, ತೊಳೆಯಲ್ಪಡುವುವು ಅಂದವರೂ ತಾವೇ. ಪಾದ್ರಿಗಳು ಕೋಟು ಬಿಚ್ಚಿ ಗೂಟಕ್ಕೆ ನೇತುಹಾಕಿ, ನೀರು ಕಾಯಿಸೋಕೆ ಹೇಳಿದರು. ಅವತ್ತಿಂದ ಪ್ರತಿ ಸೋಮವಾರ ಅದೇ ಕೆಲಸ. ಸ್ನಾನದ ಜೊತೆಗೆ ಕಜ್ಜಿಗೆ ಮುಲಾಮು ಬಂತು, ಜ್ವರಕ್ಕೆ ಔಷಧಿ ಬಂತು, ಆಮೇಲೆ ಸ್ಕೂಲೂ ಬಂತು. ಮೂವತ್ತೊಂದು ವರ್ಷದಲ್ಲಿ ಅವರ ಮತಕ್ಕೆ ಬಂದಿದ್ದು ಮಾತ್ರ ಒಂದೇ ಮನೆ, ಮೇಷ್ಟ್ರು ದೇವಪುತ್ರಪ್ಪನವರದು. ಸ್ನಾನ ಮಾಡಿಸಿಕೊಂಡವರು ಇಡೀ ಊರು.

ಅವರಿಗೆ ಒಂದೇ ಒಂದು ಕಷ್ಟ ಇತ್ತು, ಸುಳ್ಳು ಹೇಳೋಕೆ ಬರ್ತಿರಲಿಲ್ಲ. ಮದುವೆ ಮನೇಲಿ ಹೋಳಿಗೆ ಹೇಗಿದೆ ಸ್ವಾಮಿ ಅಂದರೆ, "ಸೀದುಹೋಗಿದೆ" ಅನ್ನೋರು. ಮೊದಮೊದಲು ಜನ ಬೇಜಾರು ಮಾಡ್ಕೊಂಡರು, ಆಮೇಲೆ ಹೋಳಿಗೆ ಬೇಯಿಸೋದನ್ನೇ ಕಲಿತರು.

ಅರವತ್ತನಾಲ್ಕನೇ ವಯಸ್ಸಿಗೆ ಮಿಷನ್ನಿನವರ ಕಾಗದ ಬಂತು. ಸಾಕು, ಊರಿಗೆ ವಾಪಸು ಬನ್ನಿ, ಬೊಂಬಾಯಿಯಿಂದ ಇಂಥ ತಾರೀಕು ಹಡಗು ಅಂತ. ಬಂಗಲೆಯನ್ನು ಹೊಸ ಪಾದ್ರಿಗೆ ಬಿಟ್ಟುಕೊಟ್ಟು, ಒಂದು ಟ್ರಂಕು ಹೊರಿಸಿಕೊಂಡು ಈ ಮರದ ಹತ್ತಿರ ಬಂದರು. ಸ್ಟೇಷನ್ನು ಎಂಟು ಮೈಲಿ. ಗಾಡಿ ಕಟ್ಟಿಕೊಂಡು ನಿಂತಿದ್ದೋನು ಅದೇ ಮಲ್ಲಿಂಗ, ಈಗ ಮೂವತ್ತೊಂದರ ಗಂಡಸು. ಊರೆಲ್ಲ ಸೇರಿತ್ತು. ಪಾದ್ರಿಗಳು ಕೈಮುಗಿದು, "ನಾನು ಹೋಗುತ್ತೇನೆ" ಅಂದರು.

ಹೆಂಗಸರು ಕಿವಿ ಮುಚ್ಕೊಂಡರು. ಹೊರಡೋ ಹೊತ್ತಲ್ಲಿ ಹೋಗ್ತೀನಿ ಅಂತ ಯಾರಾದರೂ ಅಂತಾರಾ? ಹೋಗೋರು ಸತ್ತವರು, ಬದುಕಿರೋರು ಬರ್ತೀನಿ ಅನ್ನಬೇಕು. ಪುಟ್ಟಹೊನ್ನಮ್ಮ ಮುಂದೆ ಬಂದು, "ಬಿಡ್ತು ಅನ್ನಿ ಸ್ವಾಮಿ, ಬಿಡ್ತು ಅನ್ನಿ! ಬರ್ತೀನಿ ಅನ್ನಿ" ಅಂದಳು. ಮೂವತ್ತೊಂದು ವರ್ಷವೂ ಅವರು ಹೊರಡುವಾಗೆಲ್ಲ "ಬರುತ್ತೇನೆ" ಅಂತಲೇ ಅಂದಿದ್ದರು, ಯಾಕಂದರೆ ವಾಪಸು ಬರ್ತಿದ್ದರು. ಈಗ ಹೇಳಿದರು, "ಅಮ್ಮಾ, ನಾನು ಬರುವುದಿಲ್ಲ. ಬರುತ್ತೇನೆ ಎಂದರೆ ಸುಳ್ಳಾಗುತ್ತದೆ." ಮಲ್ಲಿಂಗ ಎತ್ತುಗಳ ಕೊರಳಹಗ್ಗ ಬಿಚ್ಚಿಬಿಟ್ಟ. "ಹೋಗ್ತೀನಿ ಅಂದೋರನ್ನ ಕೂರಿಸ್ಕೊಂಡು ಹೋಗೋಕೆ ಇದು ಗಾಡಿ ಸ್ವಾಮಿ, ಚಟ್ಟ ಅಲ್ಲ" ಅಂದ. ಊರಲ್ಲಿ ಬೇರೆ ಗಾಡಿಗಳೂ ಇದ್ದವು, ಆ ಗಾಡಿಯವರೂ ಸ್ನಾನ ಮಾಡಿಸಿಕೊಂಡವರೇ, ಯಾರೂ ಕಟ್ಟಲಿಲ್ಲ. ಎಂಟು ಮೈಲಿ ನಡೆಯೋಕೆ ಪಾದ್ರಿಗಳ ಮೊಣಕಾಲು ಒಪ್ಪಲಿಲ್ಲ. ಕಟ್ಟೆ ಮೇಲೆ ಕೂತರು. ಅವತ್ತಿನ ರೈಲು ಹೋಯಿತು.

ರಾತ್ರಿ ಮೇಷ್ಟ್ರ ಮನೇಲಿ ಮಲಗಿದ್ದು, ಎರಡನೇ ದಿನ ಬಂದು ಮತ್ತೆ ಅಲ್ಲೇ ಕೂತರು. ಮಧ್ಯಾಹ್ನ ಒಂದು ದಾರಿ ಕಂಡಂತಾಗಿ, "ದೇವರ ಚಿತ್ತವಾದರೆ ಬರುತ್ತೇನೆ" ಅಂದರು. ಪುಟ್ಟಹೊನ್ನಮ್ಮ, "ದೇವರ ಚಿತ್ತ ದೇವರು ನೋಡ್ಕೊಳ್ತಾನೆ. ನೀವು ಬರ್ತೀರೋ ಇಲ್ವೋ?" ಅಂದಳು. "ಇಲ್ಲ" ಅಂದರು. ಎರಡನೇ ರೈಲೂ ಹೋಯಿತು. ಮೇಷ್ಟ್ರು ದೇವಪುತ್ರಪ್ಪ ಎರಡೂ ಕಡೆಗೆ ಓಡಾಡಿ, ಕೊನೆಗೆ ಇದು ವ್ಯಾಕರಣದ ಸಮಸ್ಯೆ ಅಂತ ಹೇಳಿ ಊಟಕ್ಕೆ ಹೋದರು.

ಮೂರನೇ ದಿನದ ರೈಲು ತಪ್ಪಿದರೆ ಹಡಗೂ ತಪ್ಪುತ್ತಿತ್ತು. ಇಲ್ಲಿ ಇರೋಕೆ ಮನೆ ಇಲ್ಲ, ಅಲ್ಲಿಗೆ ಹೋಗೋಕೆ ಗಾಡಿ ಇಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಅವರು ಎರಡೂ ಮಾಡಲಿಲ್ಲ. ಎರಡು ಕೈ ಮೊಣಕಾಲ ಮೇಲಿಟ್ಟು, ಎದುರಿನ ಹೊಲ ನೋಡ್ತಾ ಕೂತಿದ್ದರು. ಹೊಲದಲ್ಲಿ ಏನೂ ಬಿತ್ತಿರಲಿಲ್ಲ. ಯಾರೋ ಅಂಬಲಿ ಲೋಟ ಕೈಗೆ ಕೊಟ್ಟರು, ಅದನ್ನ ಹಿಡ್ಕೊಂಡೇ ಇದ್ದರು, ಕುಡೀಲಿಲ್ಲ. ಕೈಮೇಲೆ ನೊಣ ಕೂತಿತು, ಓಡಿಸಲಿಲ್ಲ. ಪುಟ್ಟಹೊನ್ನಮ್ಮ ಬಂದು ಪಕ್ಕದಲ್ಲಿ ಕೂತಳು. ನೊಣಾನ ತಾನೇ ಓಡಿಸಿ ಹೇಳಿದಳು, "ನೀವು ಬರಲ್ಲ ಅಂತ ನಮಗೂ ಗೊತ್ತು ಸ್ವಾಮಿ. ನಾವೇನು ದಾರಿ ಕಾಯ್ಕೊಂಡು ಕೂರ್ತೀವಾ? ಆ ಮಾತು ನಿಮ್ಮ ಬಾಯಿಗಲ್ಲ, ನಮ್ಮ ಕಿವಿಗೆ. ಅದೊಂದನ್ನ ನಮಗೆ ಬಿಟ್ಟು ಹೊರಡಿ."

ಪಾದ್ರಿಗಳು ಲೋಟ ಕೆಳಗಿಟ್ಟರು. ಹೊಲವನ್ನೇ ನೋಡ್ತಾ, "ಬರ್ತೀನಿ" ಅಂದರು. ಬರುತ್ತೇನೆ ಅಲ್ಲ, ಬರ್ತೀನಿ. ಮೂವತ್ತೊಂದು ವರ್ಷದಲ್ಲಿ ಮೊದಲನೇ ಸಲ ಅವರ ಬಾಯಲ್ಲಿ ಕನ್ನಡ ನಮ್ಮ ಹಾಗೆ ಬಂತು ಅಂತಾರೆ. "ಹೂಂ, ಬನ್ನಿ" ಅಂದಳು ಪುಟ್ಟಹೊನ್ನಮ್ಮ. ಮಲ್ಲಿಂಗ ಆಗಲೇ ಎತ್ತು ಕಟ್ಟಿದ್ದ. ಗಾಡಿ ತಿರುವು ದಾಟೋವರೆಗೂ ಅವರು ಹಿಂದೆ ನೋಡಲಿಲ್ಲ. ರೈಲು ಸಿಕ್ಕಿತು.

ಅವರು ಕೂತಿದ್ದು ದಕ್ಷಿಣದ ಕಡೆ ಚಪ್ಪಡಿ ಮೇಲೆ, ಅದು ನುಣ್ಣಗೆ ಸವೆದಿದೆ. ಪಾದ್ರಿಗಳು ಕೂತು ಸವೆಯಿತು ಅಂತ ಕೆಲವರು ಹೇಳ್ತಾರೆ. ಮೂರು ದಿನಕ್ಕೆ ಕಲ್ಲು ಸವೆಯಲ್ಲ, ಆದರೂ ಹೇಳ್ತಾರೆ. ಈಗಲೂ ಊರಿಂದ ಹೆಣ್ಣು ಕಳಿಸೋರು, ಪರೀಕ್ಷೆಗೆ ಹೋಗೋರು, ಆಪರೇಷನ್ನಿಗೆ ಹೋಗೋರು ಇಲ್ಲಿ ಗಾಡಿ ನಿಲ್ಲಿಸಿ, ಚಪ್ಪಡಿ ಮುಟ್ಟಿ ಆ ಮಾತು ಹೇಳಿಯೇ ಮುಂದಕ್ಕೆ ಹೋಗೋದು. ಬಸ್ಸಿನ ಡ್ರೈವರುಗಳಿಗೂ ಗೊತ್ತು, ಅರ್ಧ ನಿಮಿಷ ಕಾಯ್ತಾರೆ. ಬಂದವರೂ ಇದ್ದಾರೆ, ಬರದೇ ಇದ್ದವರೂ ಇದ್ದಾರೆ.

ಪಾದ್ರಿಗಳಿಂದ ಏಳೆಂಟು ತಿಂಗಳ ಮೇಲೆ ಒಂದೇ ಒಂದು ಕಾಗದ ಬಂತು, ಕನ್ನಡದಲ್ಲೇ, ವ್ಯಾಕರಣ ಸರಿಯಾಗಿ. ದೇವಪುತ್ರಪ್ಪನವರು ಇದೇ ಕಟ್ಟೆ ಮೇಲೆ ನಿಂತು ಎಲ್ಲರಿಗೂ ಓದಿ ಹೇಳಿದರು, ಅದರಲ್ಲಿ ಇದ್ದಿದ್ದು ಇಷ್ಟು. ಹಡಗಿನಲ್ಲಿ ತೊಂದರೆಯಾಗಲಿಲ್ಲ. ಇಲ್ಲಿ ಚಳಿ ಇದೆ. ಹುಟ್ಟಿದ ಮನೆಯಲ್ಲಿ ಈಗ ಅಕ್ಕ ಒಬ್ಬಳೇ ಇದ್ದಾಳೆ, ಹಿಂದೆ ರಜೆಗೆ ಬಂದಾಗ ನೋಡಿದ್ದು, ಹನ್ನೊಂದು ವರ್ಷದ ನಂತರ ಈಗ ನೋಡಿದೆ. ಅವಳು ಬಾಗಿಲು ತೆಗೆದು, ನನ್ನ ಮುಖ ನೋಡಿ, ಟ್ರಂಕು ನೋಡಿ, "ಬಂದೆಯಾ? ಒಳಗೆ ಬಾ. ಎಷ್ಟು ದಿವಸ ಇರುತ್ತೀ?" ಎಂದು ಕೇಳಿದಳು.