ಉಸಿರುಮಡುವಿನ ಹಗ್ಗ

ಉತ್ತರ ಕನ್ನಡದ ಕರಾವಳಿಯಲ್ಲಿ ಹೆಬ್ಬಳಿವೆ ಎಂಬ ಸಣ್ಣ ಊರಿದೆ. ಅಲ್ಲಿ ಹೊಳೆ ಸಮುದ್ರ ಸೇರುವ ಮುಂಚೆ ಒಂದು ಬಂಡೆಯನ್ನು ಬಳಸಿ ತಿರುಗುತ್ತದೆ. ಆ ತಿರುವಿನ ಕಪ್ಪು ನೀರಿಗೆ ಉಸಿರುಮಡು ಎಂದು ಹೆಸರು. ದಡದ ಸುರಹೊನ್ನೆ ಮರದ ಬುಡದಲ್ಲಿ ಆಳುದ್ದದ ಕಲ್ಲೊಂದು ಮಲಗಿದೆ. ಕಲ್ಲಿನ ತೂತಿಗೆ ತೆಂಗಿನನಾರಿನ ಹಗ್ಗ ಕಟ್ಟಿದ್ದಾರೆ. ಅದರ ಇನ್ನೊಂದು ತುದಿ ನೀರಿಗಿಳಿದು ಕಾಣೆಯಾಗುತ್ತದೆ. ಇಲ್ಲಿ ಈಜಬಾರದೆಂದು ಪಂಚಾಯಿತಿಯವರು ಫಲಕ ನೆಟ್ಟಿದ್ದಾರೆ. ಫಲಕ ಬರುವ ಮೊದಲೂ ಯಾರೂ ಈಜುತ್ತಿರಲಿಲ್ಲವಾದ್ದರಿಂದ ಅದು ಪೂರ್ಣ ಯಶಸ್ಸು ಕಂಡಿದೆ. ದೋಣಿಯವರು ಮಡು ದಾಟುವಾಗ ಮಾತು ನಿಲ್ಲಿಸಿ ಉಸಿರು ಹಿಡಿಯುತ್ತಾರೆ. ಕಾರಣ ಕೇಳಬೇಕಾದರೆ ದೋಣಿ ದಡ ಮುಟ್ಟುವವರೆಗೆ ಕಾಯಬೇಕು.

ಫಿರಂಗಿಗಳ, ಅಂದರೆ ಪೋರ್ಚುಗೀಸರ, ಹಡಗುಗಳು ಈ ಸಮುದ್ರಕ್ಕೆ ಹೊಸದಾಗಿ ಬಂದಿದ್ದ ಕಾಲದಲ್ಲಿ ಹೆಬ್ಬಳಿವೆ ಒಬ್ಬ ಸಣ್ಣ ಅರಸನ ಬಂದರಾಗಿತ್ತು ಎನ್ನುತ್ತಾರೆ. ಅಲ್ಲಿಯ ನಿಯಮ ಸರಳ. ತಾನಾಗಿ ಬಂದು ಲಂಗರು ಹಾಕಿದ ಹಡಗು ಅತಿಥಿ. ಅದರ ಸರಕನ್ನು ಮುಟ್ಟುವಂತಿಲ್ಲ. ಗಾಳಿಗೆ ಸಿಕ್ಕಿ ಮರಳು ದಿಬ್ಬ ಏರಿದ ಹಡಗು ಸಮುದ್ರರಾಜನ ಕಾಣಿಕೆ; ಅದರ ಸರಕೆಲ್ಲ ಅರಸನಿಗೆ. ಬಂದರು ನೋಡಿಕೊಳ್ಳುತ್ತಿದ್ದ ಕಾಮರಸ ಹೆಗ್ಗಡೆ ದೈವಭಕ್ತ. ಸಮುದ್ರರಾಜ ಕಾಣಿಕೆ ಕೊಡಲು ತಡಮಾಡಿದರೆ ಅವನಿಗೆ ನೆರವಾಗುವುದು ತನ್ನ ಧರ್ಮವೆಂದು ತಿಳಿದಿದ್ದ.

ಒಂದು ವರ್ಷ, ಮುಂಗಾರು ಆರಂಭವಾದ ವಾರ, ಪರ್ಶಿಯಾ ಕೊಲ್ಲಿಯ ಹೊರ್ಮುಜಿನಿಂದ ತಾಮ್ರ, ಖರ್ಜೂರ, ಗುಲಾಬಿ ನೀರು ಹೇರಿಕೊಂಡ ಹಡಗೊಂದು ಮಡುವಿನಲ್ಲಿ ಕಲ್ಲಿನ ಲಂಗರು ಇಳಿಸಿತು. ಮರುದಿನ ಬೆಳಗ್ಗೆ ಕಣ್ಣು ಕಾಣದಷ್ಟು ಮಳೆ. ಅಂಬಿಗರ ಕುಪ್ಪ ಎಂಬವನು ಹೆಗ್ಗಡೆಯ ಅಪ್ಪಣೆಯಂತೆ ನೀರಿಗಿಳಿದು ಲಂಗರಿನ ಹಗ್ಗ ಕೊಯ್ದ. ಮಳೆ ನಿಂತಾಗ ಹಡಗು ದಿಬ್ಬದ ಮೇಲಿತ್ತು, ಸರಕು ಉಗ್ರಾಣದಲ್ಲಿತ್ತು.

ಹಡಗಿನ ಒಡೆಯ ನಾಖುದಾ ಶಂಸುದ್ದೀನ್ ಅರಸನ ಮುಂದೆ ನಿಂತು ತಾನು ಲಂಗರು ಹಾಕಿದ್ದೆನೆಂದ. ಹಾಗಾದರೆ ಲಂಗರು ಈಜಿ ಹೋಗಿರಬೇಕು ಎಂದು ಹೆಗ್ಗಡೆ ನಗೆಯಾಡಿದ.

"ಈಜು ಹಡಗಿಗೆ ಬರುತ್ತದೆ ಹೆಗ್ಗಡೆಯವರೆ, ಕಲ್ಲಿಗೆ ಬರುವುದಿಲ್ಲ. ಮಡುವಿನಲ್ಲಿ ನೋಡಿಸಿ," ಎಂದ ನಾಖುದಾ.

ಬೇರೆ ಊರಿನ ವರ್ತಕರೂ ಅಲ್ಲಿದ್ದುದರಿಂದ ಅರಸ ಒಪ್ಪಲೇಬೇಕಾಯಿತು. ಅಷ್ಟು ಆಳಕ್ಕೆ ಮುಳುಗಬಲ್ಲವನು ಊರಿನಲ್ಲಿ ಒಬ್ಬನೇ, ಕುಪ್ಪ. ತಪ್ಪು ಮಾಡಿದವನೂ ತನಿಖೆ ಮಾಡುವವನೂ ಒಬ್ಬನೇ ಆದರೆ ಕೆಲಸ ಸಲೀಸು ಎಂಬುದು ಆ ಕಾಲದಲ್ಲೇ ತಿಳಿದಿತ್ತು. ಆದರೂ ಹೆಗ್ಗಡೆ ಕುಪ್ಪನ ಹೆಂಡತಿ ಸಣ್ಣಿಯನ್ನು ಉಗ್ರಾಣದಲ್ಲಿ ಕೂಡಿಹಾಕಿ, ಕುಪ್ಪನನ್ನು ಪಕ್ಕಕ್ಕೆ ಕರೆದ.

"ನೀರಿನಲ್ಲಿ ಏನೂ ಇರುವುದಿಲ್ಲ, ಕುಪ್ಪ. ಇದ್ದರೆ ನಿನ್ನ ಹೆಂಡತಿ ಇರುವುದಿಲ್ಲ."

ಇತ್ತ ಮುಳುಗುವ ಮುಂಚೆ ಹೊಳೆಕಾಯುವ ದೈವ ಜಟಕನ ಮುಂದೆ ಆಣೆ ಮಾಡಬೇಕಿತ್ತು. ಆಣೆ ಮಾಡಿ ಸುಳ್ಳು ಹೇಳಿದವನ ಮನೆಯವರನ್ನು ಜಟಕ ಒಬ್ಬೊಬ್ಬರಾಗಿ ನೀರಿಗೆ ಕರೆಯುತ್ತಾನೆ ಎಂಬುದರಲ್ಲಿ ಊರಿಗೆ ಸಂಶಯವಿರಲಿಲ್ಲ. ನಿಜ ಹೇಳಿದರೆ ಸಣ್ಣಿಯನ್ನು ಹೆಗ್ಗಡೆ ಕೊಲ್ಲುತ್ತಾನೆ, ಸುಳ್ಳು ಹೇಳಿದರೆ ಜಟಕ. ಆಣೆ ಮಾಡುವಾಗ ಕುಪ್ಪನ ಹಲ್ಲು ಕಟಕಟ ಎನ್ನುತ್ತಿದ್ದುದನ್ನು ದಡದವರೆಲ್ಲ ಕೇಳಿದರು. ಮಳೆಗಾಲದ ಚಳಿ ಎಂದುಕೊಂಡರು.

ಮುಳುಗುವವನ ಸೊಂಟದ ಹಗ್ಗವನ್ನು ಅವನ ಹೆಂಡತಿಯ ಅಣ್ಣನೇ ಹಿಡಿಯಬೇಕೆಂಬುದು ಅಂಬಿಗರ ಪದ್ಧತಿ. ತಂಗಿ ವಿಧವೆಯಾಗಿ ತನ್ನ ಮನೆಗೇ ಬರುವುದನ್ನು ಯಾವ ಅಣ್ಣನೂ ಬಯಸುವುದಿಲ್ಲ. ನಂಬಿಕೆಯನ್ನು ಇದಕ್ಕಿಂತ ಭದ್ರವಾದ ತಳಹದಿಯ ಮೇಲೆ ಕಟ್ಟಲು ಸಾಧ್ಯವಿಲ್ಲ. ಸಣ್ಣಿಯ ಅಣ್ಣ ಜಟ್ಟಿ ಹಗ್ಗ ಹಿಡಿದ.

"ಮೂರು ಸಲ ಜಗ್ಗಿದರೆ ಎಳಿ, ಭಾವ," ಎಂದ ಕುಪ್ಪ. "ಎಷ್ಟು ಭಾರ ಆದರೂ ಬಿಡಬೇಡ."

ಅವನು ಮುಳುಗಿದ. ಒಳಗಿರುವವನಿಗೆ ಇನ್ನೆಷ್ಟು ಹೊತ್ತು ಉಳಿದಿದೆ ಎಂದು ತಿಳಿಯಲು ದಡದವರು ಅವನ ಜೊತೆಗೇ ಉಸಿರು ಹಿಡಿಯುವುದು ವಾಡಿಕೆ. ಅರಸನೂ ಹಿಡಿದ. ಮೊದಲು ಮುದುಕರು ಉಸಿರು ಬಿಟ್ಟರು, ಆಮೇಲೆ ವರ್ತಕರು, ಆಮೇಲೆ ಅರಸ. ಅಂಬಿಗರು ಒಬ್ಬೊಬ್ಬರಾಗಿ ಬಿಟ್ಟರು. ಕೊನೆಗೆ ಜಟ್ಟಿಯೂ ಬಿಟ್ಟ. ಆಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆಗ ಹಗ್ಗ ಜಗ್ಗಿತು. ಒಂದು, ಎರಡು, ಮೂರು.

ಜಟ್ಟಿ ಎಳೆದ, ಬರಲಿಲ್ಲ. ಹತ್ತು ಜನ ಕೈಹಾಕಿದರು. ಮೇಲೆ ಬಂದದ್ದು ಲಂಗರಿನ ಕಲ್ಲು. ಕುಪ್ಪನ ಸೊಂಟದ ಹಗ್ಗ ಅದರ ತೂತಿಗೆ ಬಿಗಿಯಾಗಿ ಕಟ್ಟಿತ್ತು. ಪಕ್ಕದಲ್ಲಿ ಹಡಗಿನ ಹಗ್ಗದ ತುಂಡು. ಅದರ ತುದಿ ಬಂಡೆಗೆ ಉಜ್ಜಿ ನಾರು ಬಿಟ್ಟದ್ದಲ್ಲ, ಕತ್ತಿಯಿಂದ ನೇರ ಕೊಯ್ದದ್ದು. ಕುಪ್ಪ ಇರಲಿಲ್ಲ. ಅವನು ನಿಜವನ್ನೂ ಹೇಳಲಿಲ್ಲ, ಸುಳ್ಳನ್ನೂ ಹೇಳಲಿಲ್ಲ.

ಎಲ್ಲರೂ ನೋಡುತ್ತಿದ್ದಾಗ ಅರಸನಿಗೆ ನ್ಯಾಯಬುದ್ಧಿ ಮೂಡಿತು. ಸರಕು ಹಿಂತಿರುಗಿಸಿದರು. ಅರಮನೆಯಲ್ಲಿ ಅಷ್ಟರಲ್ಲೇ ಖಾಲಿಯಾಗಿದ್ದ ಗುಲಾಬಿ ನೀರು ಮಾತ್ರ ಸಮುದ್ರಪಾಲಾಯಿತೆಂದು ತೀರ್ಮಾನವಾಯಿತು. ಹೆಗ್ಗಡೆಯನ್ನು ಘಟ್ಟದ ಮೇಲಿನ ಒಂದು ಸೀಮೆಗೆ ಕಳಿಸಿದರು. ಅಲ್ಲಿ ಅವನು ತಳ ಕಾಣದ ಪಾತ್ರೆಯಿಂದ ನೀರು ಕುಡಿಯುತ್ತಿರಲಿಲ್ಲವಂತೆ.

ಉಗ್ರಾಣದಿಂದ ಬಿಟ್ಟಮೇಲೆ ಸಣ್ಣಿ ನೇರವಾಗಿ ಮಡುವಿಗೆ ಬಂದಳು. ಕಲ್ಲಿನ ಗಂಟನ್ನು ಬಿಚ್ಚಲು ಹೋದ ಅಣ್ಣನನ್ನು ತಡೆದಳು. ಅವನ ಕೈಯಲ್ಲಿದ್ದ ತುದಿಯನ್ನು ತೆಗೆದು ನೀರಿಗೆ ಬಿಟ್ಟಳು.

"ಅವರು ಮತ್ತೆ ಜಗ್ಗಿದರೆ ಗೊತ್ತಾಗಬೇಕಲ್ಲ, ಅಣ್ಣ."

ಈಗಲೂ ಪ್ರತಿ ಮಳೆಗಾಲ ಮುಗಿದಮೇಲೆ ಅಂಬಿಗರ ಮನೆಯವರು ಹಗ್ಗ ಬದಲಿಸುತ್ತಾರೆ. ಕುಪ್ಪ ಒಳಗಿಂದೊಳಗೆ ಈಜಿ ಆಚೆ ದಡ ಸೇರಿ ಎಲ್ಲೋ ಬದುಕಿಕೊಂಡ ಎನ್ನುವವರೂ ಇದ್ದಾರೆ. ಅವರೂ ದೋಣಿಯಲ್ಲಿ ಉಸಿರು ಹಿಡಿಯುತ್ತಾರೆ. ಇಳಿತದ ಹೊತ್ತಿಗೆ ಹೋದರೆ ಹಗ್ಗ ಆಗಾಗ ಬಿಗಿಯಾಗಿ ಅಲುಗುವುದನ್ನು ಯಾರೂ ನೋಡಬಹುದು. ಹೊಳೆಯ ಸೆಳೆತ ಎಂದು ಊರಿನವರು ವಿವರಿಸುತ್ತಾರೆ. ಸೆಳೆತವೇ ಇರಬೇಕು. ಅದು ಅಲುಗುವಾಗ ಎಳೆದು ನೋಡಿದವರು ಮಾತ್ರ ಇದುವರೆಗೆ ಯಾರೂ ಇಲ್ಲ.