ಯಾರದೂ ಅಲ್ಲದ ಬುದ್ಧಿಮಾತು

"ನನಗೇ ಬುದ್ಧಿ ಹೇಳ್ತೀಯೇನಯ್ಯಾ?" ಎಂದು ಅಮಲ್ದಾರ್ ವೆಂಕೋಬರಾಯರು ಗುಮಾಸ್ತನ ಟಿಪ್ಪಣಿಯನ್ನು ಎಸೆದರು. ರಾಯರ ಕುರ್ಚಿಯ ಮೇಲಿನ ತೊಲೆಗೆ ಗೆದ್ದಲು ಹಿಡಿದಿದೆಯೆಂದು ಅವನು 'ಐ ಅಡ್ವೈಸ್ ಯೂ ಟು ಮೂವ್ ದ ಚೇರ್' ಎಂದು ಬರೆದಿದ್ದ. ಅಷ್ಟಕ್ಕೇ ಅವನನ್ನು ಗಡಿ ತಾಲ್ಲೂಕಿಗೆ ವರ್ಗ ಮಾಡುವ ಕಾಗದ ಸಿದ್ಧವಾಯಿತು. ರಾಯರ ರುಜು ಒಂದೇ ಬಾಕಿ.

ಗುಮಾಸ್ತ ಇನ್ನೊಂದು ಹಾಳೆ ತಂದ. 'ಇಟ್ ಈಸ್ ಅಡ್ವೈಸಬಲ್ ಟು ಮೂವ್ ದ ಚೇರ್.'

"ಇದು ಯಾರ ಮಾತು?"

"ಯಾರದೂ ಅಲ್ಲ ಸ್ವಾಮಿ. ಇದರಲ್ಲಿ 'ಐ'ಯೂ ಇಲ್ಲ, 'ಯೂ'ವೂ ಇಲ್ಲ. ಇಂಗ್ಲಿಷಿನವರ ಪದ್ಧತಿ. ಬುದ್ಧಿಮಾತು ತಾನಾಗಿ ಬರುತ್ತೆ. ರುಜು ಹಾಕಿದವರದಾಗುತ್ತೆ."

ರಾಯರಿಗೆ ಹಿಡಿಸಿತು. ಆ ಹಾಳೆಗೆ ರುಜು ಹಾಕಿ ಕುರ್ಚಿ ಸರಿಸಿದರು. ಮೂರನೆಯ ದಿನ ತೊಲೆ ಖಾಲಿ ಜಾಗದ ಮೇಲೆ ಬಿತ್ತು.

ನೋಡಲು ಬಂದ ಡೆಪ್ಯುಟಿ ಕಮಿಷನರು, "ಕುರ್ಚಿ ಸರಿಸೋದು ಯಾರಿಗೆ ಹೊಳೀತ್ರೀ?" ಎಂದರು.

"ನನಗೇ ಸಾರ್" ಎಂದು ರಾಯರು ಮೀಸೆ ತೀಡಿದರು.

ಮರುದಿನ ಗುಮಾಸ್ತ ವರ್ಗದ ಕಾಗದದ ಮೇಲೆ ಮತ್ತೊಂದು ಹಾಳೆ ಇಟ್ಟ. 'ಇಟ್ ಈಸ್ ಅಡ್ವೈಸಬಲ್ ಟು ಕೀಪ್ ದ ಕ್ಲರ್ಕ್ ಹಿಯರ್.'

"ಇದು ಯಾರ ಮಾತಯ್ಯಾ?"

"ಕುರ್ಚಿ ಸರಿಸಿ ಅಂದವರದೇ ಸ್ವಾಮಿ. ಡೆಪ್ಯುಟಿ ಕಮಿಷನರು ಕೇಳಿದರೆ ಹೆಸರು ಹೇಳ್ತೀನಿ."

ರಾಯರು ಮೇಲಿನ ಹಾಳೆಗೆ ರುಜು ಹಾಕಿದರು.